ತೋಟದ ದಾರಿ, ಕಡಂಗ ಮತ್ತು ಸೈಕಲ್ ಸವಾರರು

ಮಳೆಗಾಲ ಮುಗಿದು ದಾರಿಯ ಕೆಸರು ಒಣಗಿತೆಂದರೆ ಕೊಡಗಿನ ತೋಟದ ದಾರಿಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಪ್ರವಾಸಿಗಳು ಕಾಣಿಸಿಕೊಳ್ಳುತ್ತಿದ್ದಾರೆ. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಪುಟ್ಟ ಚೀಲ, ಚೌಕಟ್ಟಿಗೆ ಸಿಕ್ಕಿಸಿದ ನೀರಿನ ಸೀಸೆ, ದಪ್ಪ ಟಯರಿನ ಸೈಕಲ್ಲು. ಡಾಂಬರು ರಸ್ತೆಯಲ್ಲಿ ಹೋಗುತ್ತಿದ್ದವರು ಅದನ್ನು ಬಿಟ್ಟು ಕಾಫಿ ತೋಟದ ಬೇಲಿಯ ಪಕ್ಕದ ಮಣ್ಣು ದಾರಿಗೆ ಇಳಿಯುತ್ತಾರೆ. ಇವರನ್ನು ಕಂಡ ರೈತನಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ನಾವು ಒಳ್ಳೆಯ ರಸ್ತೆ ಬೇಕೆಂದು ಪಂಚಾಯಿತಿಗೆ ಅರ್ಜಿ ಮೇಲೆ ಅರ್ಜಿ ಕೊಡುತ್ತಿರುವಾಗ, ಇವರೇಕೆ ಕೆಟ್ಟ ರಸ್ತೆಯನ್ನು ಹುಡುಕಿಕೊಂಡು ಬರುತ್ತಾರೆ?

ನಕ್ಕು ಬಿಟ್ಟುಬಿಡುವ ಪ್ರಶ್ನೆ ಇದಲ್ಲ. ನಮ್ಮ ಊರಿನ ದಾರಿಗಳು ಯಾರವು, ಅವು ಯಾವ ರೀತಿ ಇರಬೇಕು, ಅವುಗಳ ಪಕ್ಕದಲ್ಲಿರುವ ಹಳೆಯ ಕುರುಹುಗಳನ್ನು ಉಳಿಸಬೇಕೇ ಅಳಿಸಬೇಕೇ ಎಂಬ ದೊಡ್ಡ ಪ್ರಶ್ನೆಗಳು ಇದರೊಳಗಿವೆ. ಆದ್ದರಿಂದ ಈ ವಾರ ಈ ವಿಷಯವನ್ನು ರೈತ ಬಾಂಧವರ ಮುಂದೆ ಇಡುತ್ತಿದ್ದೇವೆ.

ಈ ಸವಾರಿ ಎಂಥದು?

ಜಲ್ಲಿ, ಗರಸು, ಮಣ್ಣಿನ ದಾರಿಗಳಲ್ಲಿ ದೂರದೂರ ಹೋಗುವ ಈ ಸವಾರಿಗೆ ಗ್ರಾವೆಲ್ ಸೈಕ್ಲಿಂಗ್ ಎಂದು ಹೆಸರು. ಪಂದ್ಯದ ಸೈಕಲ್ಲಿನ ತೆಳು ಚಕ್ರ ಇಲ್ಲಿ ನಡೆಯದು. ಸುಮಾರು 40 ಮಿಲಿಮೀಟರ್ ಅಗಲದ, ಹಲ್ಲುಗಳುಳ್ಳ ಟಯರು ಬೇಕು. 2022ರಲ್ಲಿ ಇಟಲಿ ದೇಶದ ವೆನೆಟೊ ಪ್ರಾಂತದಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಆದರೆ ಪಂದ್ಯಕ್ಕಿಂತ ಹೆಚ್ಚಾಗಿ ಇದು ಊರು ನೋಡುವ ಸವಾರಿ. ಲಾರಿ, ಬಸ್ಸುಗಳ ಹೊಗೆ ಇಲ್ಲದ ಕಡೆ, ಗದ್ದೆ ತೋಟಗಳ ನಡುವೆ, ಹಳೆಯ ಕೋಟೆ ಗುಡಿಗಳನ್ನು ನೋಡುತ್ತ ಸಾಗುವುದೇ ಇದರ ಗುರಿ. ದಕ್ಷಿಣ ಭಾರತದಲ್ಲಿ 2008ರಲ್ಲಿ ಆರಂಭವಾದ ಟೂರ್ ಆಫ್ ನೀಲ್ಗಿರೀಸ್ ಎಂಬ ಸೈಕಲ್ ಯಾತ್ರೆ ಕೊಡಗಿನ ಮೂಲಕವೂ ಹಾದುಹೋದದ್ದುಂಟು. ಅದು ಡಾಂಬರು ರಸ್ತೆಯ ಯಾತ್ರೆ. ಈಗ ಬರುವವರು ಆ ರಸ್ತೆಯಿಂದ ಒಳಕ್ಕೆ ತಿರುಗುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಕೊಡಗು ಏರಿಳಿತದ ನಾಡು. ಬಯಲು ಸೀಮೆಯಲ್ಲಿ ಸೈಕಲ್ಲು ರೈತನ ಮನೆಯ ಸಾಮಾನಾದಂತೆ ಇಲ್ಲಿ ಆಗಲಿಲ್ಲ. ನಾವು ನಡೆದೇ ಓಡಾಡಿದವರು. ನಡೆದು ನಡೆದು ಸವೆದ ಆ ದಾರಿಗಳೇ ಇಂದು ಹೊರಗಿನವರ ಕಣ್ಣಿಗೆ ಬಿದ್ದಿವೆ.

ದಾರಿಯ ಪಕ್ಕದ ಚರಿತ್ರೆ

ಕೊಡಗಿನಲ್ಲಿ ಚರಿತ್ರೆ ಇರುವುದು ಮಡಿಕೇರಿಯ ಕೋಟೆ, ಗದ್ದಿಗೆಗಳಲ್ಲಿ ಮಾತ್ರವಲ್ಲ. ಅದು ತೋಟದೊಳಗೇ ಇದೆ. ಅದರಲ್ಲಿ ಮೊದಲು ಹೇಳಬೇಕಾದುದು ಕಡಂಗ. ಆಳವಾಗಿ ಅಗೆದ ಕಂದಕ, ಅಗೆದ ಮಣ್ಣನ್ನೇ ಒಂದು ಬದಿಗೆ ಏರಿಸಿ ಕಟ್ಟಿದ ದಿಬ್ಬ, ಇದೇ ಕಡಂಗ. ಗುಡ್ಡ ಹತ್ತಿ, ಕಾಡು ದಾಟಿ, ಕೆಲವೆಡೆ ಕವಲೊಡೆದು, ಕೆಲವೆಡೆ ಬೆಟ್ಟದ ನೆತ್ತಿಯನ್ನೇ ಸುತ್ತಿ ಮೈಲಿಗಟ್ಟಲೆ ಸಾಗುವ ಈ ಕಂದಕಗಳನ್ನು ಕಂಡು ಪಾದ್ರಿ ರಿಕ್ಟರ್ ಬೆರಗಾಗಿ 1870ರಲ್ಲಿ ಪ್ರಕಟವಾದ ತಮ್ಮ ಕೊಡಗು ಕೈಪಿಡಿಯಲ್ಲಿ ವರ್ಣಿಸಿದರು. ನಾಡಿನ ಗಡಿ ಕಾಯಲು, ಶತ್ರುವನ್ನು ತಡೆಯಲು ನಮ್ಮ ಹಿರಿಯರು ಗುದ್ದಲಿ ಹಿಡಿದು ಮಾಡಿದ ಕೆಲಸ ಇದು. ವೀರಾಜಪೇಟೆ ಕಡೆ ಕಡಂಗ ಎಂಬ ಹೆಸರಿನ ಊರೇ ಇದೆ. ಕಲ್ಲಿನ ಕೋಟೆಯನ್ನು ಅರಸರು ಕಟ್ಟಿಸುತ್ತಾರೆ. ಮಣ್ಣಿನ ಕೋಟೆಗೆ ಊರಿನವರ ಬೆವರು ಬೇಕು. ರೈತನಿಗೆ ತನ್ನದೆಂದು ಹೇಳಿಕೊಳ್ಳಬಹುದಾದ ಸ್ಮಾರಕ ಇದಕ್ಕಿಂತ ಬೇರೆ ಯಾವುದಿದೆ?

ಕಕ್ಕಬ್ಬೆಯ ಬಳಿ ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರನು 1792ರಿಂದ 1794ರ ಅವಧಿಯಲ್ಲಿ ಇದನ್ನು ಕಟ್ಟಿಸಿದನು. 1834ರಲ್ಲಿ ಇಂಗ್ಲಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿದ್ದು ಇಲ್ಲಿಗೇ. ಕಾಡಿನ ಮರೆಯ ಮನೆ ಎಂಬ ಕಾರಣಕ್ಕೇ ಅದನ್ನು ಅಲ್ಲಿ ಕಟ್ಟಿಸಿದ್ದು. ಅದೇ ಮರೆಯೇ ಇಂದು ಸವಾರರನ್ನು ಸೆಳೆಯುತ್ತದೆ. ಅಲ್ಲಿಂದ ಹತ್ತಿರದಲ್ಲೇ ಪಾಡಿ ಇಗ್ಗುತಪ್ಪ ದೇವಸ್ಥಾನ. ಪುತ್ತರಿಯ ಕದಿರು ತೆಗೆಯುವ ಮುಹೂರ್ತಕ್ಕೆ ನಾಡೆಲ್ಲ ಕಿವಿಗೊಡುವ ಸ್ಥಳ.

ಉತ್ತರಕ್ಕೆ ಹೋದರೆ ಶನಿವಾರಸಂತೆಯ ಬಳಿ ಮುಳ್ಳೂರು. ಅಲ್ಲಿ ಕೊಂಗಾಳ್ವರ ಕಾಲದ, 11ನೇ ಶತಮಾನದ ಬಸದಿಗಳಿವೆ. ಪೋಚಬ್ಬರಸಿ ಎಂಬ ರಾಣಿಯ ಹೆಸರು ಅಲ್ಲಿನ ಶಾಸನಗಳಲ್ಲಿದೆ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ 1886ರಲ್ಲೇ ಅಚ್ಚು ಹಾಕಿಸಿದರು. ಪಶ್ಚಿಮಕ್ಕೆ ಇಳಿದರೆ ಸಂಪಾಜೆ ಘಟ್ಟ. 1837ರಲ್ಲಿ ಅಮರ ಸುಳ್ಯದ ದಂಗೆ ಎದ್ದದ್ದು ಈ ಘಟ್ಟದ ಕೆಳಗಿನ ಸೀಮೆಯಲ್ಲಿ. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದು ಕಂಪೆನಿ ಸರ್ಕಾರ ಹಟ ಹಿಡಿದದ್ದು ಆ ದಂಗೆಯ ಕಾರಣಗಳಲ್ಲೊಂದು. ಇವುಗಳ ಜೊತೆಗೆ ಐನ್‌ಮನೆಗಳಿಗೆ ಹೋಗುವ ಓಣಿಗಳು, ನಾಡಿನ ಮಂದ್‌ಗಳು, 1,200ಕ್ಕೂ ಹೆಚ್ಚು ದೇವರಕಾಡುಗಳು. ಕಾರಿನಲ್ಲಿ ಬಂದವನು ಇವುಗಳಲ್ಲಿ ಹತ್ತರಲ್ಲೊಂದನ್ನೂ ನೋಡಲಾರ.

ಅಳಿಯುತ್ತಿರುವುದು ಏನು?

ಈಗ ಕಹಿಯಾದ ಮಾತನ್ನೂ ಹೇಳಬೇಕು. ಕಡಂಗಗಳನ್ನು ಮುಚ್ಚುವವರು ಬೇರೆ ಊರಿನವರಲ್ಲ, ನಾವೇ. ತೋಟದ ಸಾಲು ನೇರವಾಗಲೆಂದು, ಮನೆಗೆ ಕಾರು ಬರಲೆಂದು, ಯಂತ್ರ ತರಿಸಿ ದಿಬ್ಬವನ್ನು ಕಂದಕಕ್ಕೆ ತಳ್ಳುವುದು ಒಂದು ಬೆಳಗಿನ ಕೆಲಸ. ನೂರಾರು ಜನ ಎಷ್ಟೋ ಬೇಸಿಗೆ ಅಗೆದದ್ದು ಹೀಗೆ ಅರ್ಧ ದಿನದಲ್ಲಿ ಹೋಗುತ್ತದೆ. ಹಾಗೆ ಮುಚ್ಚಿದ ಮೇಲೆ ಮಳೆಯ ನೀರು ಎಲ್ಲಿ ಹೋಗಬೇಕು? ಗುಡ್ಡದಿಂದ ಇಳಿಯುವ ನೀರನ್ನು ತಡೆದು ನಿಲ್ಲಿಸುವ ಕೆಲಸವನ್ನೂ ಅನೇಕ ಕಡೆ ಕಡಂಗವೇ ಮಾಡುತ್ತಿತ್ತು.

2018ರ ಆಗಸ್ಟ್ ತಿಂಗಳನ್ನು ಕೊಡಗಿನ ರೈತರು ಮರೆಯಲಾರರು. ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಜಾರಿ ತೋಟ, ಮನೆ, ಜೀವ ಎಲ್ಲವನ್ನೂ ಕೊಂಡೊಯ್ದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಮತ್ತೆ ಅದೇ ದುರಂತ. ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಕಟ್ಟಡಗಳೂ ಕಾರಣವೆಂದು ಭೂವಿಜ್ಞಾನಿಗಳು ಎತ್ತಿ ತೋರಿಸಿದರು. ದಾರಿಯನ್ನು ಅಗಲ ಮಾಡುವುದೇ ಅಭಿವೃದ್ಧಿ ಎಂಬ ಎಣಿಕೆ ಗುಡ್ಡದ ನಾಡಿಗೆ ಹೊಂದುವುದಿಲ್ಲವೆಂಬ ಪಾಠವನ್ನು ನಾವು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದ್ದೇವೆ.

ಹೊರದೇಶದ ರೈತರು ಮಾಡಿದ್ದು

ಫ್ರಾನ್ಸ್ ದೇಶದ ಅನುಭವ ಇಲ್ಲಿ ಉಪಯೋಗಕ್ಕೆ ಬರುವಂಥದು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಚೂರುಚೂರಾಗಿದ್ದ ಹೊಲಗಳನ್ನು ಒಟ್ಟುಗೂಡಿಸುವ ಕೆಲಸ ಭರದಿಂದ ನಡೆಯಿತು. ಟ್ರ್ಯಾಕ್ಟರಿಗೆ ಅನುಕೂಲವಾಯಿತು, ನಿಜ. ಆದರೆ ಹಳೆಯ ಜೀವಂತ ಬೇಲಿಗಳೂ ಹಳ್ಳಿಯ ಕಾಲುದಾರಿಗಳೂ ಅಪಾರವಾಗಿ ನಾಶವಾದವು. ಯುವಕರು ಪಟ್ಟಣ ಸೇರಿದರು, ಮನೆಗಳು ಖಾಲಿ ಬಿದ್ದವು. ಆಗ ಖಾಲಿ ಮನೆಯ ಕೋಣೆಗಳನ್ನು ದುರಸ್ತಿ ಮಾಡಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಏರ್ಪಾಡು ಹುಟ್ಟಿತು. 1955ರಲ್ಲಿ ಜೀತ್ ದ ಫ್ರಾನ್ಸ್ ಎಂಬ ರಾಷ್ಟ್ರೀಯ ಒಕ್ಕೂಟವೇ ರಚನೆಯಾಯಿತು. ನಮ್ಮ ಹೋಂಸ್ಟೇ ಎಂಬುದರ ಹಿರಿಯಣ್ಣ ಅದು.

ದಾರಿಗಳ ವಿಷಯದಲ್ಲಿ 1983ರಲ್ಲಿ ಆ ದೇಶ ಒಂದು ಕಾನೂನು ಮಾಡಿತು. ಪ್ರತಿ ಜಿಲ್ಲೆಯೂ ತನ್ನ ಕಾಲುದಾರಿ, ಹಳ್ಳಿದಾರಿಗಳ ಪಟ್ಟಿ ಮಾಡಬೇಕು. ಆ ಪಟ್ಟಿಗೆ ಸೇರಿದ ಹಳ್ಳಿದಾರಿಯನ್ನು ಮಾರುವುದಾದರೆ ಬದಲಿ ದಾರಿ ಕೊಟ್ಟೇ ಮಾರಬೇಕು. ಇಂದು ಲುವಾರ್ ನದಿಯ ದಂಡೆಯಲ್ಲಿ ಹಳೆಯ ಅರಮನೆಗಳನ್ನು ನೋಡುತ್ತ ಸುಮಾರು 900 ಕಿಲೋಮೀಟರ್ ಸೈಕಲ್ಲಿನಲ್ಲಿ ಹೋಗಲು ಗುರುತು ಮಾಡಿದ ಮಾರ್ಗವಿದೆ. 1681ರಲ್ಲಿ ತೆರೆದ ಮಿದಿ ಕಾಲುವೆಯ ದಂಡೆಯಲ್ಲಿ, ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಮಣ್ಣು ದಾರಿಯಲ್ಲಿ, ಈಗ ಸೈಕಲ್ ಸವಾರರು ಸಾಗುತ್ತಾರೆ. ದ್ರಾಕ್ಷಿ ಬೆಳೆಯುವವನೂ ಹಸು ಸಾಕುವವನೂ ಅವರಿಗೆ ತಮ್ಮ ಬೆಳೆಯನ್ನು ಮನೆಬಾಗಿಲಲ್ಲೇ ಮಾರುತ್ತಾರೆ.

ಇಟಲಿಯ ಕಿಯಾಂತಿ ಎಂಬ ದ್ರಾಕ್ಷಿ ಸೀಮೆಯದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿನ ಬಿಳಿ ಜಲ್ಲಿಯ ರಸ್ತೆಗಳೆಲ್ಲ ಡಾಂಬರಿಗೆ ಆಹುತಿಯಾಗುವುದನ್ನು ಕಂಡ ಕೆಲವರು 1997ರಲ್ಲಿ ಗಾಯೋಲೆ ಎಂಬ ಸಣ್ಣ ಊರಿನಿಂದ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಒಂದು ಸವಾರಿ ಹೊರಡಿಸಿದರು. ಮೊದಲ ವರ್ಷ ಬಂದವರು ನೂರಕ್ಕೂ ಕಡಿಮೆ. ಇಂದು ಸಾವಿರಾರು ಜನ ಬರುತ್ತಾರೆ. ಜಲ್ಲಿ ರಸ್ತೆ ಊರಿನ ಬಡತನದ ಗುರುತಲ್ಲ, ಊರಿನ ಸ್ವತ್ತು ಎಂಬ ತಿಳಿವಳಿಕೆ ಅಲ್ಲಿ ಹೀಗೆ ಬೆಳೆಯಿತು.

ಲಾಭವೆಷ್ಟು?

ಹಾಗೆಂದು ನಾವು ಯಾರಿಗೂ ಹಗಲುಗನಸು ತೋರಿಸುವುದಿಲ್ಲ. ಸೈಕಲ್ ಸವಾರರಿಂದ ಕೊಡಗಿನ ರೈತ ಶ್ರೀಮಂತನಾಗಲಾರ. ಕಾಫಿ, ಕರಿಮೆಣಸು, ಬತ್ತ ಇವುಗಳ ಸ್ಥಾನವನ್ನು ಇದು ತುಂಬುವುದಿಲ್ಲ. ಪ್ರವಾಸಿಗಳ ವಿಷಯದಲ್ಲಿ ನಮಗಿರುವ ಅನುಭವ ‘ಉಂಡೂ ಹೋದ, ಕೊಂಡೂ ಹೋದ’ ಎಂಬ ಗಾದೆಯಂತೆಯೇ ಇದೆ. ವಾರದ ಕೊನೆಗೆ ಕಾರುಗಳ ಸಾಲು, ದಾರಿ ಬದಿಯ ಬಾಟಲಿ, ಪ್ಲಾಸ್ಟಿಕ್ಕು ಊರಿಗೆ ಉಳಿಯುತ್ತವೆ. ಹಣ ದೊಡ್ಡ ರೆಸಾರ್ಟುಗಳಿಗೆ ಸೇರುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಾರಿನವನು ಮಡಿಕೇರಿಯಿಂದ ಹೊರಟರೆ ರೆಸಾರ್ಟಿನ ಗೇಟಿನಲ್ಲೇ ಇಳಿಯುತ್ತಾನೆ. ಸೈಕಲ್ಲಿನವನು ಪ್ರತಿ ಏರಿನಲ್ಲೂ ದಣಿಯುತ್ತಾನೆ, ಪ್ರತಿ ಊರಿನಲ್ಲೂ ನಿಲ್ಲುತ್ತಾನೆ. ಅವನಿಗೆ ನೀರು ಬೇಕು, ಬೆಲ್ಲದ ಕಾಫಿ ಬೇಕು, ಬಾಳೆಹಣ್ಣು ಬೇಕು, ಬಿಸಿ ಕಡಂಬುಟ್ಟು ಸಿಕ್ಕಿದರೆ ಇನ್ನೂ ಸಂತೋಷ. ಕೊಡಗಿನ ಕಿತ್ತಳೆಗೂ 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೂ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆತಿದೆ. ಆ ಹೆಸರಿನ ಬೆಲೆ ರೈತನ ಕೈಗೆ ನೇರವಾಗಿ ಸಿಗುವುದು ಹೀಗೆ ಬಾಗಿಲಲ್ಲಿ ಮಾರಿದಾಗ. ಅರ್ಧ ಕಿಲೋ ಹುರಿದು ಪುಡಿ ಮಾಡಿದ ಕಾಫಿ, ನೂರು ಗ್ರಾಂ ಕರಿಮೆಣಸು, ಒಂದು ಸೀಸೆ ಜೇನು. ಸೈಕಲ್ಲಿನ ಚೀಲದಲ್ಲಿ ಹಿಡಿಯುವುದು ಇಷ್ಟೇ. ಸಣ್ಣ ಹಿಡುವಳಿದಾರನಿಗೂ ಮನೆಯ ಹೆಂಗಸರ ಸ್ವಸಹಾಯ ಸಂಘಕ್ಕೂ ಇಷ್ಟು ವ್ಯಾಪಾರ ನಿಭಾಯಿಸಲು ಸಾಧ್ಯ. ಆಹಾರ ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆಯೂ, ಮನೆಯಲ್ಲಿ ಉಳಿಸಿಕೊಳ್ಳುವವರು ಪ್ರವಾಸೋದ್ಯಮ ಇಲಾಖೆಯಲ್ಲೂ ನೋಂದಣಿ ಮಾಡಿಸಿಕೊಳ್ಳುವುದು ಅಗತ್ಯ.

ರೈತನ ಕಾಲಿಗೆ ಕೆಸರು ಬೇಡ

ಇನ್ನೊಂದು ಎಚ್ಚರಿಕೆ. ಪಟ್ಟಣದವರ ಕಣ್ಣಿಗೆ ಚೆಂದವೆಂದು ಹಳ್ಳಿಯವರು ಕೆಸರಿನಲ್ಲಿ ಹೂತಿರಬೇಕೆಂದು ಹೇಳುವವರೊಡನೆ ನಾವಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಬೇಕಾದ ಮನೆಯವರಿಗೆ, ಶಾಲೆಗೆ ನಡೆಯುವ ಮಗುವಿಗೆ, ಕಾಫಿ ಮೂಟೆ ಹೊರಡಿಸುವ ಬೆಳೆಗಾರನಿಗೆ ಗಟ್ಟಿ ದಾರಿ ಬೇಕೇ ಬೇಕು. ಅದು ಅವರ ಹಕ್ಕು.

ಆದರೆ ಗಟ್ಟಿ ದಾರಿ ಎಂದರೆ ಉದ್ದಕ್ಕೂ ಕಾಂಕ್ರೀಟು ಎಂದೇ ಅರ್ಥವಲ್ಲ. ಮಣ್ಣು ದಾರಿ ಕೆಡುವುದು ಗಾಲಿಯಿಂದಲ್ಲ, ನೀರಿನಿಂದ. ದಾರಿಯ ನಡುಭಾಗ ಎತ್ತರವಿದ್ದು ಎರಡೂ ಬದಿಗೆ ಇಳಿಜಾರಿರಬೇಕು. ಹತ್ತಡಿ ಅಗಲದ ದಾರಿಗೆ ನಡುವೆ ಎರಡೂವರೆ ಅಂಗುಲ ಎತ್ತರ ಸಾಕು. ಗುಡ್ಡದ ಬದಿಗೆ ಚರಂಡಿ, ಅಲ್ಲಲ್ಲಿ ನೀರು ದಾಟಿಸಲು ಮೋರಿ, ಕಡಿದಾದ ಏರಿನಲ್ಲಿ ಮಾತ್ರ ಕಲ್ಲು ಹಾಸು ಅಥವಾ ಎರಡು ಗಾಲಿಪಟ್ಟಿಯ ಕಾಂಕ್ರೀಟು, ಉಳಿದ ಕಡೆ ಚೆನ್ನಾಗಿ ಅದುಮಿದ ಗರಸು. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಚರಂಡಿಯ ಹೂಳು ತೆಗೆದರೆ ಇಂತಹ ದಾರಿ ಲಾರಿಗೂ ಆಗುತ್ತದೆ, ಸೈಕಲ್ಲಿಗೂ ಆಗುತ್ತದೆ, ನೀರು ಇಂಗುವುದಕ್ಕೂ ಎಡೆ ಉಳಿಯುತ್ತದೆ. ಯಾವ ದಾರಿಗೆ ಕಾಂಕ್ರೀಟು, ಯಾವುದಕ್ಕೆ ಗರಸು ಎಂಬುದನ್ನು ಗುತ್ತಿಗೆದಾರರ ಅನುಕೂಲ ನೋಡಿಯಲ್ಲ, ಗ್ರಾಮಸಭೆಯಲ್ಲಿ ಕುಳಿತು ನಿರ್ಧರಿಸಬೇಕು.

ದಾರಿ ಬಿಟ್ಟರೆ ಹಕ್ಕು ಹೋದೀತೇ?

ಅನೇಕ ಬೆಳೆಗಾರರು ಗೇಟು ಹಾಕಿ ಬೀಗ ಜಡಿಯುವುದಕ್ಕೆ ಒಂದು ಭಯ ಕಾರಣ: ಇಂದು ಒಬ್ಬನನ್ನು ಬಿಟ್ಟರೆ ನಾಳೆ ಅದು ಎಲ್ಲರ ದಾರಿಯಾದೀತು. ಈ ಭಯದಲ್ಲಿ ಅರ್ಧ ಸತ್ಯವಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ ಆರಂಭದಿಂದಲೇ ಕೊಡಗಿಗೆ ಅನ್ವಯವಾದ ಕಾಯಿದೆ. ಅದರಂತೆ ಒಬ್ಬರ ಜಮೀನಿನ ಮೂಲಕ ಮತ್ತೊಬ್ಬ ಜಮೀನುದಾರ ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆ ತಡೆ ಇಲ್ಲದೆ, ಹಕ್ಕಿನಿಂದೆಂಬಂತೆ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟಬಹುದು. ಆದರೆ ಮಾಲೀಕನ ಅನುಮತಿ ಪಡೆದು ಹೋದವನು ಹಕ್ಕಿನಿಂದ ಹೋದವನಲ್ಲ. ಆದ್ದರಿಂದ ‘ಮಾಲೀಕರ ಅನುಮತಿಯ ಮೇರೆಗೆ ಮಾತ್ರ’ ಎಂಬ ಫಲಕ ಹಾಕಿ, ಪುಸ್ತಕದಲ್ಲಿ ಸಹಿ ಪಡೆದು ಬಿಡುವುದು ಜಾಣತನ. ವ್ಯಾಜ್ಯವಿರುವ ದಾರಿಯಾದರೆ ಮೊದಲು ವಕೀಲರನ್ನು ಕೇಳಬೇಕು. ಇನ್ನು ಗ್ರಾಮ ನಕಾಶೆಯಲ್ಲೇ ಕಂಡ ದಾರಿಯ ಮಾತು ಬೇರೆ. ಅದು ಊರಿನದು. ಅದಕ್ಕೆ ಬೇಲಿ ಹಾಕಿದವನು ಸವಾರನನ್ನು ತಡೆಯುವುದಕ್ಕಿಂತ ಮೊದಲು ತನ್ನ ನೆರೆಯ ಸಣ್ಣ ರೈತನನ್ನು ತಡೆಯುತ್ತಾನೆ. ಹೀಗೆ ಮುಚ್ಚಿಹೋದ ನಕಾಶೆ ದಾರಿಗಳಿಂದ ಗದ್ದೆಗೆ ಟಿಲ್ಲರು ಒಯ್ಯಲಾರದೆ ಪಾಳು ಬಿಟ್ಟವರ ಸಂಕಟ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಬರುವವರಿಗೆ ಶಿಸ್ತು

ಬರುವವರು ನಮ್ಮ ಅತಿಥಿಗಳು, ಆದರೆ ಊರಿನ ನಿಯಮ ಊರಿನವರದೇ ಆಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ದಾರಿಯಲ್ಲಿ ಸವಾರಿ ಬೇಡ. ಹಸಿ ಮಣ್ಣಿನಲ್ಲಿ ಟಯರು ಕೊರೆದ ಗೆರೆಯೇ ಮರುದಿನ ನೀರಿನ ಕಾಲುವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಹರಡಿದ ಹಣ್ಣಿನ ಮೇಲೆ, ಹೊರೆ ಹೊತ್ತ ಕಾರ್ಮಿಕರ ನಡುವೆ ನುಗ್ಗಬಾರದು. ಕೆಲಸ ಮಾಡುವವರ ಚಿತ್ರವನ್ನು ಕೇಳದೆ ತೆಗೆಯಬಾರದು. ದೇವರಕಾಡಿಗೆ ಸೈಕಲ್ಲು ಒಯ್ಯಲೇಬಾರದು. ಅರಣ್ಯದ ದಾರಿಗೆ ಇಲಾಖೆಯ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಆನೆ. ತೋಟದಲ್ಲಿ ಆನೆ ನಿಂತಿದ್ದರೆ ಹತ್ತು ಮಾರು ದೂರದಲ್ಲೂ ಕಾಣದೆ ಇರಬಹುದು, ಸೈಕಲ್ಲಿನ ಸದ್ದು ಅದಕ್ಕೂ ಕೇಳಿಸದೆ ಹೋಗಬಹುದು. ಬೆಳಕು ಹರಿಯುವ ಮೊದಲು, ಸಂಜೆಗತ್ತಲಾದ ಮೇಲೆ ಯಾರನ್ನೂ ಒಳದಾರಿಗೆ ಬಿಡಬಾರದು. ಊರಿನ ಒಬ್ಬ ತರುಣನನ್ನು ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವ ಕಟ್ಟಳೆ ಇಟ್ಟರೆ ಸವಾರನಿಗೂ ಕ್ಷೇಮ, ಊರಿಗೂ ಒಂದು ಉದ್ಯೋಗ.

ಆಗಬೇಕಾದುದೇನು?

ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ನಕಾಶೆ ದಾರಿಗಳು, ಓಣಿಗಳು, ಕಡಂಗಗಳು, ವೀರಗಲ್ಲು ಶಾಸನಗಳು ಎಲ್ಲಿವೆ ಎಂಬ ಪಟ್ಟಿ ಮಾಡಬೇಕು. ಹೈಸ್ಕೂಲಿನ ಮಕ್ಕಳೂ ಊರಿನ ಹಿರಿಯರೂ ಒಟ್ಟಿಗೆ ನಡೆದರೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ಎರಡನೆಯದಾಗಿ, ಉಳಿದಿರುವ ಕಡಂಗಗಳಲ್ಲಿ ಮುಖ್ಯವಾದವನ್ನು ರಾಜ್ಯದ ಪ್ರಾಚ್ಯವಸ್ತು ಇಲಾಖೆ 1961ರ ಸ್ಮಾರಕಗಳ ಕಾಯಿದೆಯಡಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಹಾಗೆ ಮಾಡುವಾಗ ತೋಟದ ಮಾಲೀಕರನ್ನು ಅಪರಾಧಿಗಳಂತೆ ಕಾಣದೆ, ಅವರನ್ನೇ ಕಾವಲುಗಾರರನ್ನಾಗಿ ಮಾಡಿಕೊಳ್ಳಬೇಕು. ಮೂರನೆಯದಾಗಿ, ಫ್ರಾನ್ಸಿನ ಮಾದರಿಯಲ್ಲಿ, ಪಟ್ಟಿಗೆ ಸೇರಿದ ದಾರಿಯನ್ನು ಮುಚ್ಚುವುದಾದರೆ ಬದಲಿ ದಾರಿ ಕೊಡಲೇಬೇಕೆಂಬ ನಿಯಮ ನಮ್ಮಲ್ಲೂ ಬರಬೇಕು.

ಇದರಲ್ಲಿ ಸೈಕಲ್ ಸವಾರ ಒಂದು ನೆಪ ಮಾತ್ರ. ಅವನು ಬಂದರೂ ಬಾರದಿದ್ದರೂ ದಾರಿ ಬೇಕಾದುದು ನಮಗೆ. ದೂರದಿಂದ ಬಂದ ಒಬ್ಬನು ನಮ್ಮ ತೋಟದ ಅಂಚಿನಲ್ಲಿ ಸೈಕಲ್ಲು ನಿಲ್ಲಿಸಿ, ‘ಈ ಹಳ್ಳ ಯಾವುದು ಮಾವ?’ ಎಂದು ಕೇಳಿದಾಗ, ‘ಇದು ಹಳ್ಳವಲ್ಲಪ್ಪ, ನಮ್ಮ ಹಿರಿಯರು ಅಗೆದ ಕಡಂಗ’ ಎಂದು ಹೇಳಲು ಕಡಂಗವೂ ಉಳಿದಿರಬೇಕು, ಹೇಳಬಲ್ಲ ಮನುಷ್ಯನೂ ಆ ಊರಿನಲ್ಲಿ ಬೇಸಾಯ ಮಾಡಿಕೊಂಡು ಉಳಿದಿರಬೇಕು. ಈ ವಾರ ವಾಚನಾಲಯದಲ್ಲಿ ಸೇರಿದವರು ಈ ಮಾತನ್ನು ಚರ್ಚಿಸಿ, ಮುಂದಿನ ಗ್ರಾಮಸಭೆಯ ಮುಂದೆ ಇಡಬೇಕೆಂದು ನಮ್ಮ ಕೋರಿಕೆ.